ತಪ್ಪು ಕಂಡವರೊಬ್ಬರು, ತೀರ್ಮಾನ ಮಾಡುವವರೊಬ್ಬರು: ಲಿಸ್ಪ್ ಭಾಷೆಯಲ್ಲಿ ದೋಷ ನಿರ್ವಹಣೆ

ಅಕೌಂಟೆನ್ಸಿ ಓದುವ ನಮಗೆ ತಪ್ಪು ಎಂಬುದು ಹೊಸ ವಿಷಯವಲ್ಲ. 'ತಪ್ಪುಗಳ ತಿದ್ದುಪಡಿ' ಎಂದು ಒಂದು ಅಧ್ಯಾಯವೇ ಇದೆ. ಬಿಟ್ಟುಹೋದ ನಮೂದು, ತಪ್ಪಾಗಿ ಬರೆದ ನಮೂದು, ತತ್ವದ ತಪ್ಪು, ಒಂದನ್ನೊಂದು ಸರಿದೂಗಿಸುವ ತಪ್ಪು ಎಂದು ನಾಲ್ಕು ಬಗೆ ಕಲಿಯುತ್ತೇವೆ. ತಾಳೆ ಪಟ್ಟಿ ಕೂಡದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಕೆಲಸ ಮುಂದುವರಿಸುತ್ತೇವೆ. ತಪ್ಪು ಸಿಕ್ಕಾಗ ತಿದ್ದುಪಡಿ ನಮೂದು ಬರೆದು ಆ ಖಾತೆಯನ್ನು ಮುಗಿಸುತ್ತೇವೆ. ಒಂದು ತಪ್ಪು ಕಂಡಿತೆಂದು ಪುಸ್ತಕ ಹರಿದು ಮೊದಲಿನಿಂದ ಬರೆಯಿರಿ ಎಂದು ಯಾವ ಮೇಷ್ಟ್ರೂ ಹೇಳುವುದಿಲ್ಲ.

ಕಂಪ್ಯೂಟರ್ ಪ್ರೋಗ್ರಾಂಗಳು ಮಾತ್ರ ಬಹಳ ಸಲ ಹಾಗೆಯೇ ಹೇಳುತ್ತವೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿದವರಿಗೆ ಇದು ಗೊತ್ತಿರುತ್ತದೆ. 'ಮೊಹಮ್ಮದ್' ಎಂಬ ಒಂದೇ ಹೆಸರಿಗೆ ಆಧಾರ್‌ನಲ್ಲಿ ಒಂದು ಸ್ಪೆಲಿಂಗ್, ಅಂಕಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ನಮ್ಮ ಮನೆಯಲ್ಲೇ ಹೀಗಾಯಿತು. ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತು ಎಲ್ಲ ಪುಟ ತುಂಬಿ, ಎಲ್ಲ ಕಾಗದ ಅಪ್‌ಲೋಡ್ ಮಾಡಿ, ಕೊನೆಯ ಗುಂಡಿ ಒತ್ತಿದಾಗ 'ದೋಷ ಸಂಭವಿಸಿದೆ' ಎಂಬ ಒಂದು ಸಾಲು ಬಂತು. ಹಿಂದಕ್ಕೆ ಹೋದರೆ ಪುಟಗಳೆಲ್ಲ ಖಾಲಿ. ಯಾವ ಕಾಗದದ ಹೆಸರು ಹೊಂದಲಿಲ್ಲ, ಈಗ ಏನು ಮಾಡಬಹುದು ಎಂಬ ಒಂದು ಮಾತೂ ಇಲ್ಲ. ಅಬ್ಬಾ ಇನ್ನೊಂದು ದಿನದ ಕೂಲಿ ಬಿಟ್ಟು ಜೊತೆಗೆ ಬರಬೇಕಾಯಿತು.

ಹೆಸರು ಹೊಂದದಿರುವುದು ಕಂಪ್ಯೂಟರಿನ ತಪ್ಪಲ್ಲ. ಆದರೆ ತಪ್ಪು ಕಂಡ ಮೇಲೆ ಅದುವರೆಗಿನ ಕೆಲಸವನ್ನೆಲ್ಲ ಚೆಲ್ಲಿಬಿಡುವುದು ಪ್ರೋಗ್ರಾಂ ಬರೆದವರ ಆಯ್ಕೆ. ಬೇರೆ ಆಯ್ಕೆ ಇದೆಯೇ? ಇದೆ. ಅದನ್ನು ಬಹಳ ಚೆನ್ನಾಗಿ ಯೋಚಿಸಿ ಕಟ್ಟಿರುವ ಭಾಷೆಗಳಲ್ಲಿ ಒಂದು ಕಾಮನ್ ಲಿಸ್ಪ್. ಅದರ ದೋಷ ನಿರ್ವಹಣೆಯ ಏರ್ಪಾಡಿಗೆ 'ಕಂಡಿಷನ್ ಸಿಸ್ಟಂ' ಎಂದು ಹೆಸರು. ಈ ಲೇಖನ ಅದರ ಬಗ್ಗೆ.

ಲಿಸ್ಪ್ ಎಂದರೇನು?

ಲಿಸ್ಪ್ ಭಾಷೆಯನ್ನು ಜಾನ್ ಮೆಕಾರ್ಥಿ ಅವರು ಅಮೆರಿಕದ ಎಂಐಟಿಯಲ್ಲಿ 1958ರಲ್ಲಿ ಆರಂಭಿಸಿದರು. ಇಂದಿಗೂ ಬಳಕೆಯಲ್ಲಿರುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಫೋರ್ಟ್ರಾನ್ ಬಿಟ್ಟರೆ ಇದೇ ಹಳೆಯದು. ಇದರಲ್ಲಿ ಎಲ್ಲವನ್ನೂ ಆವರಣದೊಳಗೆ ಬರೆಯುತ್ತಾರೆ, ಮಾಡಬೇಕಾದ ಕೆಲಸದ ಹೆಸರು ಮೊದಲು ಬರುತ್ತದೆ. ಎರಡು ಮತ್ತು ಮೂರನ್ನು ಕೂಡಿಸಲು (+ 2 3) ಎಂದು ಬರೆಯಬೇಕು. ಕಾಲ ಕಳೆದಂತೆ ಲಿಸ್ಪ್‌ನ ಹಲವು ಬಗೆಗಳು ಹುಟ್ಟಿಕೊಂಡವು. ಅವುಗಳನ್ನು ಒಂದುಗೂಡಿಸಲು ಬಂದ ಕಾಮನ್ ಲಿಸ್ಪ್ 1994ರಲ್ಲಿ ಅಮೆರಿಕದ ಎಎನ್‌ಎಸ್‌ಐ ಮಾನಕವಾಯಿತು. ಅದರ ಕಂಡಿಷನ್ ಸಿಸ್ಟಂ ರೂಪಿಸುವುದರಲ್ಲಿ ಕೆಂಟ್ ಪಿಟ್‌ಮನ್ ಅವರ ಪಾತ್ರ ದೊಡ್ಡದು.

ಸಾಮಾನ್ಯ ಪದ್ಧತಿ ಹೇಗಿದೆ?

ಮೊದಲು ನಮಗೆ ಪರಿಚಯವಿರುವ ಪದ್ಧತಿಯನ್ನು ನೋಡೋಣ. ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕದ ಮೊದಲ ಅಧ್ಯಾಯವೇ ಪೈಥಾನ್‌ನ ಎಕ್ಸೆಪ್ಷನ್ ಹ್ಯಾಂಡ್ಲಿಂಗ್. ಅಪಾಯವಿರುವ ಕೆಲಸವನ್ನು 'ಟ್ರೈ' ಒಳಗೆ ಇಡುತ್ತೇವೆ, ತಪ್ಪಾದರೆ 'ಎಕ್ಸೆಪ್ಟ್' ಅದನ್ನು ಹಿಡಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಕಡೆಯ ಒಂದು ತೆಂಗಿನಕಾಯಿ ಮಂಡಿಯ ತಿಂಗಳ ಲೆಕ್ಕ. ಪುಸ್ತಕದಲ್ಲಿ 300 ಸಾಲುಗಳಿವೆ. ಪ್ರೋಗ್ರಾಂನಲ್ಲಿ ಮೂರು ಹಂತಗಳಿವೆ ಎಂದುಕೊಳ್ಳಿ. ಮೇಲಿನ ಹಂತ ತಿಂಗಳ ಒಟ್ಟು ಕೇಳುತ್ತದೆ. ನಡುವಿನ ಹಂತ ಒಂದೊಂದೇ ಸಾಲು ತೆಗೆದುಕೊಂಡು ಕೂಡಿಸುತ್ತದೆ. ಕೆಳಗಿನ ಹಂತ ಒಂದು ಸಾಲಿನ ಮೊತ್ತವನ್ನು ಓದುತ್ತದೆ. ಒಂದು ಹಂತ ಇನ್ನೊಂದನ್ನು ಕರೆದಾಗ ಕರೆಗಳು ತಟ್ಟೆಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ಇದಕ್ಕೆ ಸ್ಟ್ಯಾಕ್ ಎನ್ನುತ್ತಾರೆ.

ಈಗ 212ನೇ ಸಾಲಿನಲ್ಲಿ ಯಾರೋ 500 ಎಂದು ಅಂಕಿಯಲ್ಲಿ ಬರೆಯುವ ಬದಲು 'ಐನೂರು' ಎಂದು ಅಕ್ಷರದಲ್ಲಿ ಬರೆದಿದ್ದಾರೆ. ಕೆಳಗಿನ ಹಂತಕ್ಕೆ ತಪ್ಪು ಕಾಣುತ್ತದೆ. ಅದು ಎಕ್ಸೆಪ್ಷನ್ ಎಸೆಯುತ್ತದೆ. ಅದನ್ನು ಹಿಡಿಯುವ 'ಎಕ್ಸೆಪ್ಟ್' ಮೇಲಿನ ಹಂತದಲ್ಲಿದ್ದರೆ ನಡುವಿನ ಎಲ್ಲ ಕರೆಗಳೂ ಮುಗಿದುಹೋಗುತ್ತವೆ. 211 ಸಾಲು ಕೂಡಿಸಿದ್ದ ಮೊತ್ತ, ಎಲ್ಲಿದ್ದೆವು ಎಂಬ ಗುರುತು, ಎಲ್ಲವೂ ಹೋಯಿತು. ಮೇಲಿನವರಿಗೆ ಸುದ್ದಿ ತಲುಪುವ ಹೊತ್ತಿಗೆ ಕೆಲಸದ ಜಾಗವೇ ಇರುವುದಿಲ್ಲ. ಅರ್ಜಿಯ ಪುಟಗಳು ಖಾಲಿಯಾದದ್ದು ಹೊರನೋಟಕ್ಕೆ ಇದೇ ಬಗೆಯ ನಷ್ಟ.

'ಟ್ರೈ' ಅನ್ನು ಕೆಳಗೇ, ಸಾಲು ಓದುವ ಕಡೆಯೇ ಇಡಬಹುದಲ್ಲ ಎಂದು ನೀವು ಕೇಳಬಹುದು. ಇಡಬಹುದು, ಪೈಥಾನ್‌ನಲ್ಲಿ ಹಾಗೆಯೇ ಮಾಡುತ್ತಾರೆ. ಆಗ ಲೆಕ್ಕ ನಿಲ್ಲುವುದಿಲ್ಲ. ಆದರೆ ತಪ್ಪು ಸಾಲನ್ನು ಬಿಡಬೇಕೋ, ಸೊನ್ನೆ ಎಂದು ಹಿಡಿಯಬೇಕೋ, ನಿಲ್ಲಿಸಿ ಕೇಳಬೇಕೋ ಎಂಬ ತೀರ್ಮಾನವನ್ನೂ ಕೆಳಗೇ ಬರೆದಿಡಬೇಕಾಗುತ್ತದೆ. ಸಾಲು ಓದುವವನಿಗೆ ಈ ಲೆಕ್ಕ ಯಾತಕ್ಕೆ ಎಂದು ಗೊತ್ತಿಲ್ಲ. ಮಂಡಿಯ ಮಾಲೀಕರು ಸಂಜೆ ಸುಮ್ಮನೆ ಅಂದಾಜು ನೋಡುತ್ತಿದ್ದರೆ ಒಂದು ಸಾಲು ಬಿಟ್ಟರೆ ತೊಂದರೆ ಇಲ್ಲ. ಅದೇ ಲೆಕ್ಕ ಆಡಿಟರ್ ಬಳಿಗೆ ಹೋಗುವುದಾದರೆ ಒಂದು ಸಾಲನ್ನೂ ಬಿಡುವಂತಿಲ್ಲ.

ಹಾಗಾದರೆ ಕಷ್ಟ ಇಷ್ಟು: ಕೆಳಗಿನವರಿಗೆ ತಪ್ಪು ಕಾಣುತ್ತದೆ, ಆದರೆ ಉದ್ದೇಶ ತಿಳಿದಿಲ್ಲ. ಮೇಲಿನವರಿಗೆ ಉದ್ದೇಶ ತಿಳಿದಿದೆ, ಆದರೆ ತಪ್ಪಾದ ಜಾಗ ಅವರ ಕೈಯಲ್ಲಿಲ್ಲ.

ಲಿಸ್ಪ್ ಏನು ಮಾಡುತ್ತದೆ?

ಲಿಸ್ಪ್ ಈ ಕೆಲಸವನ್ನು ಎರಡಲ್ಲ, ಮೂರು ಭಾಗ ಮಾಡುತ್ತದೆ. ತಪ್ಪು ಕಂಡವರು ಕೂಗಿ ಹೇಳುವುದು ಒಂದು ಭಾಗ. ಇದಕ್ಕೆ ಸಿಗ್ನಲ್ ಮಾಡುವುದು ಎನ್ನುತ್ತಾರೆ. ಇಲ್ಲಿಂದ ಮುಂದೆ ಹೋಗಲು ಯಾವ ಯಾವ ದಾರಿಗಳಿವೆ ಎಂದು ಮೊದಲೇ ಹೆಸರಿಟ್ಟು ಇಡುವುದು ಎರಡನೆಯದು. ಆ ದಾರಿಗಳಿಗೆ ರೀಸ್ಟಾರ್ಟ್ ಎಂದು ಹೆಸರು. ಯಾವ ದಾರಿ ಹಿಡಿಯಬೇಕೆಂದು ತೀರ್ಮಾನಿಸುವುದು ಮೂರನೆಯದು. ಅದನ್ನು ಮಾಡುವವರು ಹ್ಯಾಂಡ್ಲರ್.

ಮುಖ್ಯ ಸಂಗತಿ ಏನೆಂದರೆ, ಹ್ಯಾಂಡ್ಲರ್ ಯೋಚಿಸುವವರೆಗೂ ಕೆಳಗಿನ ಕೆಲಸ ಸಾಯುವುದಿಲ್ಲ. ಇದ್ದ ಹಾಗೇ ನಿಂತು ಕಾಯುತ್ತದೆ.

ನಮ್ಮ ಮನೆಯಲ್ಲಿ ಅಮ್ಮಿ ಬಟ್ಟೆ ಹೊಲಿಯುತ್ತಾರೆ, ಆಪಾ ಮಷಿನ್ ಮೇಲೆ ಕೂರುತ್ತಾಳೆ. ತೋಳಿನ ಬಟ್ಟೆ ಎರಡು ಇಂಚು ಕಡಿಮೆ ಬಿತ್ತು ಎಂದುಕೊಳ್ಳಿ. ಆಪಾ ಬಟ್ಟೆಯನ್ನು ಎಳೆದು ಬಿಸಾಡುವುದಿಲ್ಲ, ತಾನೇ ಒಂದು ತೀರ್ಮಾನ ಮಾಡಿ ಹೊಲಿದೂಬಿಡುವುದಿಲ್ಲ. ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು ಕೇಳುತ್ತಾಳೆ: "ಅಮ್ಮಿ, ತೋಳು ಗಿಡ್ಡ ಮಾಡಲಾ, ಜೋಡು ಹಾಕಲಾ, ಇಲ್ಲ ಅವರನ್ನೇ ಕೇಳಿಕೊಂಡು ಬರಲಾ?" ಯಾರ ಬಟ್ಟೆ, ಯಾವತ್ತು ಕೊಡಬೇಕು ಎಂಬುದು ಅಮ್ಮಿಗೆ ಗೊತ್ತು. ಅವರು ಒಂದು ಮಾತು ಹೇಳುತ್ತಾರೆ, ಹೊಲಿಗೆ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ತಪ್ಪು ಕಂಡದ್ದೂ ದಾರಿಗಳನ್ನು ಹೇಳಿದ್ದೂ ಆಪಾ, ಆರಿಸಿದ್ದು ಅಮ್ಮಿ.

ಮಂಡಿಯ ಲೆಕ್ಕಕ್ಕೆ ಇದನ್ನು ಅನ್ವಯಿಸೋಣ. ಓದಲು ಸುಲಭವಾಗಲೆಂದು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಲಿಸ್ಪ್‌ನ ಸ್ವಂತ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ನಡುವಿನ ಹಂತದಲ್ಲಿ ಪ್ರತಿ ಸಾಲಿಗೂ ಹೀಗೆ ಬರೆಯುತ್ತೇವೆ:

(ರೀಸ್ಟಾರ್ಟ್-ಕೇಸ್ (ಮೊತ್ತ-ಓದು ಸಾಲು)
  (ಸಾಲು-ಬಿಡು () 0)
  (ಬೇರೆ-ಮೊತ್ತ (ಹೊಸದು) ಹೊಸದು)
  (ಬಾಕಿ-ಪಟ್ಟಿಗೆ () (ಪಟ್ಟಿಗೆ-ಸೇರಿಸು ಸಾಲು) 0))

ಮೊದಲ ಸಾಲು ಮಾಡಬೇಕಾದ ಕೆಲಸ. ಉಳಿದ ಮೂರು ಸಾಲು ತಪ್ಪಾದರೆ ಇರುವ ಮೂರು ದಾರಿಗಳು: ಈ ಸಾಲನ್ನು ಬಿಟ್ಟು ಸೊನ್ನೆ ಎಂದು ಹಿಡಿ, ಕೊಟ್ಟ ಹೊಸ ಮೊತ್ತ ಹಾಕು, ಅಥವಾ ಸಾಲನ್ನು ಬಾಕಿ ಪಟ್ಟಿಗೆ ಬರೆದು ಸದ್ಯಕ್ಕೆ ಸೊನ್ನೆ ಹಿಡಿ. ಯಾವುದು ಬೇಕೆಂದು ಇಲ್ಲಿ ಹೇಳಿಲ್ಲ. ಅದನ್ನು ಮೇಲಿನ ಹಂತ ಹೇಳುತ್ತದೆ:

(ಹ್ಯಾಂಡ್ಲರ್-ಬೈಂಡ್
  ((ಮೊತ್ತ-ದೋಷ
    (ಲ್ಯಾಂಬ್ಡಾ (ದೋಷ)
      (ಇನ್ವೋಕ್-ರೀಸ್ಟಾರ್ಟ್ 'ಬಾಕಿ-ಪಟ್ಟಿಗೆ))))
  (ತಿಂಗಳ-ಲೆಕ್ಕ ಪುಸ್ತಕ))

ಇದರ ಅರ್ಥ: ತಿಂಗಳ ಲೆಕ್ಕ ಮಾಡು, ನಡುವೆ ಎಲ್ಲಾದರೂ ಮೊತ್ತದ ದೋಷ ಕಂಡರೆ 'ಬಾಕಿ-ಪಟ್ಟಿಗೆ' ಎಂಬ ದಾರಿ ಹಿಡಿ. 212ನೇ ಸಾಲು ಪಟ್ಟಿಗೆ ಹೋಗುತ್ತದೆ, 213ನೇ ಸಾಲಿನ ಕೂಡಿಕೆ ಶುರುವಾಗುತ್ತದೆ. ಹಿಂದಿನ 211 ಸಾಲುಗಳ ಮೊತ್ತ ಎಲ್ಲಿಗೂ ಹೋಗುವುದಿಲ್ಲ. ಕೊನೆಗೆ ಒಟ್ಟು ಮೊತ್ತದ ಜೊತೆ, ನೋಡಬೇಕಾದ ಸಾಲುಗಳ ಪಟ್ಟಿಯೂ ಸಿಗುತ್ತದೆ. ಸಸ್ಪೆನ್ಸ್ ಖಾತೆಯ ಗುಣವೇ ಇದಕ್ಕೂ ಇದೆ: ಕೆಲಸ ನಿಲ್ಲುವುದಿಲ್ಲ, ತಪ್ಪು ಮರೆಯಾಗುವುದೂ ಇಲ್ಲ.

ಮಾಲೀಕರ ಅಂದಾಜಿಗೆ ಬೇಕಾದರೆ ಮೇಲಿನ ಹಂತದಲ್ಲಿ ಒಂದು ಪದ ಬದಲಿಸಿ 'ಸಾಲು-ಬಿಡು' ಎಂದು ಬರೆದರೆ ಸಾಕು. ಆಡಿಟರ್‌ಗಾಗಿ ಪ್ರತಿ ತಪ್ಪಿಗೂ ನಿಲ್ಲಿಸಿ ಮನುಷ್ಯರನ್ನು ಕೇಳಿ, ಅವರು ಕೊಟ್ಟ ಅಂಕಿಯನ್ನು 'ಬೇರೆ-ಮೊತ್ತ'ಕ್ಕೆ ಕಳಿಸಬಹುದು. ಕೆಳಗಿನ ಎರಡು ಹಂತಗಳನ್ನು ಮುಟ್ಟಬೇಕಾಗಿಲ್ಲ.

ಯಾರೂ ಹಿಡಿಯದಿದ್ದರೆ?

ಎಲ್ಲ ತಪ್ಪುಗಳ ತೂಕ ಒಂದೇ ಅಲ್ಲ. ಲಿಸ್ಪ್‌ನಲ್ಲಿ ಕೂಗುವುದಕ್ಕೂ ಬೇರೆ ಬೇರೆ ದನಿಗಳಿವೆ. 'ಸಿಗ್ನಲ್' ಎಂದರೆ ಮೆಲ್ಲಗೆ ಹೇಳುವುದು; ಯಾರೂ ಕಿವಿಗೊಡದಿದ್ದರೆ ಕೆಲಸ ತನ್ನಷ್ಟಕ್ಕೆ ಮುಂದುವರಿಯುತ್ತದೆ. 'ವಾರ್ನ್' ಎಚ್ಚರಿಕೆಯ ಸಾಲೊಂದನ್ನು ತೆರೆಯ ಮೇಲೆ ತೋರಿಸಿ ಮುಂದೆ ಹೋಗುತ್ತದೆ. 'ಎರರ್' ಎಂದರೆ ಯಾರಾದರೂ ತೀರ್ಮಾನಿಸಲೇಬೇಕು. ಹ್ಯಾಂಡ್ಲರ್ ಇಲ್ಲದಿದ್ದರೆ ಅದು ಡಿಬಗ್ಗರ್ ತೆರೆದು ಪ್ರೋಗ್ರಾಂ ನಡೆಸುತ್ತಿರುವ ಮನುಷ್ಯರನ್ನೇ ಕೇಳುತ್ತದೆ. 'ಸಿ-ಎರರ್' ಕೂಡ ಹಾಗೆಯೇ, ಆದರೆ 'ಮುಂದುವರಿ' ಎಂಬ ದಾರಿಯನ್ನು ತಾನೇ ಜೊತೆಗೆ ತರುತ್ತದೆ.

ಹ್ಯಾಂಡ್ಲರ್‌ಗಳಲ್ಲೂ ಎರಡು ಬಗೆ. 'ಹ್ಯಾಂಡ್ಲರ್-ಕೇಸ್' ಪೈಥಾನ್‌ನ ಟ್ರೈ-ಎಕ್ಸೆಪ್ಟ್ ಹಾಗೆ: ಕೆಳಗಿನ ಕೆಲಸ ಮುಗಿಸಿಬಿಟ್ಟು ಮೇಲಕ್ಕೆ ಬರುತ್ತದೆ. 'ಹ್ಯಾಂಡ್ಲರ್-ಬೈಂಡ್' ಕೆಳಗಿನ ಕೆಲಸವನ್ನು ಹಾಗೇ ಉಳಿಸಿಕೊಂಡು ಯೋಚಿಸುತ್ತದೆ. ಈ ಎರಡನೆಯ ಬಗೆಯ ಹ್ಯಾಂಡ್ಲರ್ ಯಾವ ದಾರಿಯನ್ನೂ ಆರಿಸದೆ ಸುಮ್ಮನೆ ಮುಗಿದರೆ, ಅದು ತನ್ನ ಕೈಲಾಗದು ಎಂದ ಹಾಗೆ. ಆಗ ಅದಕ್ಕಿಂತ ಹೊರಗಿರುವ ಹ್ಯಾಂಡ್ಲರ್‌ಗೆ ಸರದಿ. ಗುಮಾಸ್ತರ ಕೈಲಾಗದ ಕಡತ ಮೇಲಧಿಕಾರಿಯ ಮೇಜಿಗೆ ಹೋಗುವ ಕ್ರಮ ಇದು.

ಇನ್ನೊಂದು ಪದ 'ಅನ್‌ವೈಂಡ್-ಪ್ರೊಟೆಕ್ಟ್'. ಕೆಲಸ ಸರಿಯಾಗಿ ಮುಗಿಯಲಿ, ನಡುವೆ ಬಿಟ್ಟು ಹೊರಬರಲಿ, ಮಾಡಲೇಬೇಕಾದ ಕೊನೆಯ ಕೆಲಸವನ್ನು ಇದು ಮಾಡಿಸುತ್ತದೆ. ವ್ಯಾಪಾರ ಆಗಲಿ ಬಿಡಲಿ, ಗಲ್ಲಾಪೆಟ್ಟಿಗೆಗೆ ಬೀಗ ಹಾಕಿಯೇ ಅಂಗಡಿ ಬಿಡಬೇಕಲ್ಲವೇ?

ಹಾಸನ ಮತ್ತು ಆಕಾಶ

ತಪ್ಪಾದ ಜಾಗ ಒಂದು ಕಡೆ, ತೀರ್ಮಾನ ಮಾಡುವವರು ಇನ್ನೊಂದು ಕಡೆ ಇರುವ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆಯುತ್ತದೆ. ಹಿರೀಸಾವೆಯಲ್ಲಿ ಬಸ್ಸು ಹತ್ತಿ ಚನ್ನರಾಯಪಟ್ಟಣ ದಾಟಿ ಹೋದರೆ ಹಾಸನ. ಅಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಶುರುವಾದ ಈ ಕೇಂದ್ರ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ನೆಲದಿಂದ ನಿಯಂತ್ರಿಸುತ್ತದೆ. ಇದು ಲಿಸ್ಪ್‌ನ ಕತೆಯಲ್ಲ, ಆದರೆ ಕೆಲಸದ ಹಂಚಿಕೆ ಅದೇ. ಉಪಗ್ರಹ ತನ್ನ ಸ್ಥಿತಿಯನ್ನು ಹೇಳುತ್ತದೆ, ನೆಲದಲ್ಲಿರುವವರು ಆರಿಸಿ ಆಜ್ಞೆ ಕಳಿಸುತ್ತಾರೆ. 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆ ಒಯ್ದ ಇನ್ಸಾಟ್-1ಬಿ ಉಪಗ್ರಹದ ಸೌರ ಫಲಕ ತೆರೆದುಕೊಳ್ಳಲಿಲ್ಲ. ಉಪಗ್ರಹ ಹಾಳಾಯಿತೆಂದು ಯಾರೂ ಕೈಬಿಡಲಿಲ್ಲ. ನೆಲದ ಎಂಜಿನಿಯರುಗಳು ಪ್ರಯತ್ನ ಮುಂದುವರಿಸಿ ಸೆಪ್ಟೆಂಬರ್‌ನಲ್ಲಿ ಅದನ್ನು ತೆರೆಸಿದರು. ಅಕ್ಟೋಬರ್‌ನಲ್ಲಿ ಉಪಗ್ರಹ ಪೂರ್ಣ ಕೆಲಸಕ್ಕೆ ಬಂತು.

ಲಿಸ್ಪ್ ಕೂಡ ಆಕಾಶಕ್ಕೆ ಹೋಗಿದೆ. ನಾಸಾ ಸಂಸ್ಥೆ 1998ರ ಅಕ್ಟೋಬರ್‌ನಲ್ಲಿ ಹಾರಿಸಿದ ಡೀಪ್ ಸ್ಪೇಸ್ 1 ನೌಕೆಯಲ್ಲಿ 'ರಿಮೋಟ್ ಏಜೆಂಟ್' ಎಂಬ ಪ್ರೋಗ್ರಾಂ ಇತ್ತು. ಮನುಷ್ಯರು ಹೆಜ್ಜೆಹೆಜ್ಜೆಗೂ ಹೇಳದೆ ನೌಕೆ ತಾನೇ ಯೋಜನೆ ಹಾಕಿಕೊಂಡು ನಡೆಯಬಲ್ಲದೇ ಎಂದು ನೋಡುವ ಪ್ರಯೋಗ ಅದು. ಅದನ್ನು ಬರೆದದ್ದು ಲಿಸ್ಪ್‌ನಲ್ಲಿ. 1999ರ ಮೇ ತಿಂಗಳಲ್ಲಿ ಪ್ರಯೋಗ ನಡೆಯುತ್ತಿದ್ದಾಗ ಪ್ರೋಗ್ರಾಂ ನಿಂತುಬಿಟ್ಟಿತು. 'ನೀನು ಮೊದಲು ಹೇಳು' ಎಂದು ಇಬ್ಬರು ಎದುರುಬದುರು ಸುಮ್ಮನೆ ಕುಳಿತ ಹಾಗೆ, ಅದರ ಎರಡು ಭಾಗಗಳು ಒಂದನ್ನೊಂದು ಕಾಯುತ್ತಿದ್ದವು. ನೆಲದ ಮೇಲಿನ ಪರೀಕ್ಷೆಗಳಲ್ಲಿ ಈ ದೋಷ ಕಂಡಿರಲಿಲ್ಲ. ನೌಕೆ ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿತ್ತು. ಆದರೂ ಅಲ್ಲಿಂದ ಬಂದ ಮಾಹಿತಿ ನೋಡಿ ಎಂಜಿನಿಯರುಗಳು ಕಾರಣ ಕಂಡುಹಿಡಿದರು. ಕೆಲವೇ ದಿನಗಳಲ್ಲಿ ಪ್ರಯೋಗವನ್ನು ಮತ್ತೆ ನಡೆಸಿ ಗುರಿಗಳನ್ನು ಪೂರೈಸಿದರು. ತಪ್ಪಿನ ಜಾಗದಿಂದ ಮಾಹಿತಿ ಉಳಿದು ಬಂದದ್ದರಿಂದಲೇ ಇದು ಸಾಧ್ಯವಾಯಿತು.

ಇದರ ಮಿತಿ

ಕಂಡಿಷನ್ ಸಿಸ್ಟಂ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದಲ್ಲ. ಮೊದಲನೆಯದಾಗಿ, ಯಾರೂ ಕಾಣದ ತಪ್ಪಿಗೆ ಯಾರೂ ಕೂಗುವುದಿಲ್ಲ. ಒಂದನ್ನೊಂದು ಸರಿದೂಗಿಸುವ ತಪ್ಪುಗಳಿದ್ದಾಗಲೂ ತಾಳೆ ಪಟ್ಟಿ ಕೂಡುತ್ತದೆ, ಆದರೆ ಲೆಕ್ಕ ಸರಿಯಿರುವುದಿಲ್ಲ. 500ರ ಬದಲು 5000 ಎಂದು ಬರೆದಿದ್ದರೆ ನಮ್ಮ ಮಂಡಿಯ ಪ್ರೋಗ್ರಾಂ ಸುಮ್ಮನೆ ಕೂಡಿಸಿಕೊಂಡು ಹೋಗುತ್ತದೆ. ಎರಡನೆಯದಾಗಿ, ಸುದ್ದಿ ತಲುಪಬೇಕು. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಉಪಗ್ರಹದ ಸಂಪರ್ಕ ಕೆಲವೇ ದಿನಗಳಲ್ಲಿ ಕಡಿದುಹೋಯಿತು, ಮರಳಿ ಸಿಗಲಿಲ್ಲ. ಕೂಗು ಕೇಳಿಸದಿದ್ದರೆ ಎಂಥ ಹ್ಯಾಂಡ್ಲರ್ ಇದ್ದರೂ ಪ್ರಯೋಜನವಿಲ್ಲ. ಮೂರನೆಯದಾಗಿ, ದಾರಿಗಳನ್ನು ಮೊದಲೇ ಯೋಚಿಸಿ ಇಡಬೇಕು. ಹೆಸರಿನ ಸ್ಪೆಲಿಂಗ್ ಬೇರೆಯಿರುವ ವಿದ್ಯಾರ್ಥಿಯೂ ಈ ಅರ್ಜಿ ತುಂಬುತ್ತಾನೆ ಎಂದು ಬರೆಯುವವರ ತಲೆಯಲ್ಲಿ ಇಲ್ಲದಿದ್ದರೆ ಅವನಿಗೆ ದಾರಿಯೂ ಇರುವುದಿಲ್ಲ.

ಆ ಅರ್ಜಿಯ ಪ್ರೋಗ್ರಾಂ ಯಾವ ಭಾಷೆಯಲ್ಲಿದ್ದರೂ ಮೂರು ದಾರಿಗಳನ್ನು ಇಡಬಹುದಿತ್ತು: ಹೆಸರು ತಿದ್ದಿ ಮುಂದುವರಿ, ತುಂಬಿದ್ದನ್ನು ಉಳಿಸಿ ಇನ್ನೊಂದು ದಿನ ಬಾ, ಹೆಸರಿನ ವ್ಯತ್ಯಾಸವಿದೆ ಎಂದು ಗುರುತು ಹಾಕಿ ಅಧಿಕಾರಿಯ ತೀರ್ಮಾನಕ್ಕೆ ಕಳಿಸು. ಇವು ಇಲ್ಲದಾಗ ತಪ್ಪಿನ ಖರ್ಚು ಒಂದು ದಿನದ ಕೂಲಿಯಾಗಿ ಅರ್ಜಿದಾರರ ಮೇಲೆ ಬೀಳುತ್ತದೆ. ಕಾಮರ್ಸ್ ಓದುವ ನಾವು ನಾಳೆ ಬ್ಯಾಂಕಿನಲ್ಲೋ ಆಡಿಟರ್ ಆಫೀಸಿನಲ್ಲೋ ಬಿಲ್ಲಿಂಗ್ ಕೌಂಟರಿನಲ್ಲೋ ಕೂರುತ್ತೇವೆ. ಇಂಥ ಪ್ರೋಗ್ರಾಂ ಹೇಗಿರಬೇಕೆಂದು ನಮ್ಮನ್ನು ಕೇಳುವ ದಿನವೂ ಬರುತ್ತದೆ. ಆಗ 'ತಪ್ಪಾದರೆ ಏನು ಮಾಡುತ್ತದೆ?' ಎಂದು ನಾವು ಮೊದಲು ಕೇಳಬೇಕು.

ಮಾಡಿ ನೋಡಿ

1. ಎಸ್‌ಬಿಸಿಎಲ್ ಎಂಬ ಕಾಮನ್ ಲಿಸ್ಪ್ ಉಚಿತವಾಗಿ ಸಿಗುತ್ತದೆ. ಇದರ ಪೂರ್ಣ ಹೆಸರು ಸ್ಟೀಲ್ ಬ್ಯಾಂಕ್ ಕಾಮನ್ ಲಿಸ್ಪ್. ಇದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಸ್ಪ್‌ನಿಂದ ಕವಲೊಡೆದದ್ದು; ಕಾರ್ನೆಗಿ ಉಕ್ಕಿನ ಉದ್ಯಮಿ, ಮೆಲನ್ ಬ್ಯಾಂಕಿನವರು, ಅದಕ್ಕೇ ಈ ಹೆಸರು. ಅದನ್ನು ತೆರೆದು, ಬೆಲೆ ಕೊಡದ ಒಂದು ಹೆಸರನ್ನು, ಉದಾಹರಣೆಗೆ 'ಬಾಕಿ' ಎಂದು, ಟೈಪ್ ಮಾಡಿ. ಅದು ದೋಷ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಮತ್ತೆ ಪ್ರಯತ್ನಿಸು, ಈ ಸಲಕ್ಕೆ ಒಂದು ಬೆಲೆ ಕೊಡು, ಶಾಶ್ವತವಾಗಿ ಬೆಲೆ ಇಡು, ಬಿಟ್ಟುಬಿಡು ಎಂದು 0ಯಿಂದ 3ರವರೆಗೆ ನಾಲ್ಕು ದಾರಿ ತೋರಿಸುತ್ತದೆ. ಒಂದೊಂದನ್ನೂ ಆರಿಸಿ ನೋಡಿ.

2. (/ 5 0) ಎಂದು ಟೈಪ್ ಮಾಡಿ. ಇಲ್ಲಿ 'ಬಿಟ್ಟುಬಿಡು' ಎಂಬ ಒಂದೇ ದಾರಿ ಬರುತ್ತದೆ. ಯಾಕೆ ಎಂದು ಯೋಚಿಸಿ.

3. ನಿಮ್ಮ ಮನೆಯ ಅಂಗಡಿ, ಹೊಲ ಅಥವಾ ಹೊಲಿಗೆಯ ಒಂದು ಕೆಲಸ ತೆಗೆದುಕೊಳ್ಳಿ. ಅಲ್ಲಿ ತಪ್ಪು ಮೊದಲು ಯಾರಿಗೆ ಕಾಣುತ್ತದೆ, ದಾರಿಗಳು ಯಾವುವು, ತೀರ್ಮಾನ ಯಾರದು ಎಂದು ಮೂರು ಕಾಲಂಗಳಲ್ಲಿ ಬರೆಯಿರಿ.